ನಲ್ಲಿಯ ಬಿಳಿ ಕರೆ, ಗೀಸರಿನ ಸುಣ್ಣ: ಗಡಸು ನೀರಿನ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಅಂಚಿನಲ್ಲಿರುವ ಬೋರ್ ನೀರಿನ ಬಡಾವಣೆಯೊಂದರಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ಈ ಅವಧಿಯಲ್ಲಿ ಎರಡು ಗೀಸರ್, ಒಂದು ವಾಷಿಂಗ್ ಮಷೀನು, ಲೆಕ್ಕವಿಡದಷ್ಟು ಶವರ್‌ಗಳನ್ನು ಸುಣ್ಣಕ್ಕೆ ಒಪ್ಪಿಸಿದ್ದೇನೆ. ಹೊಸದಾಗಿ ಬಂದ ನೆರೆಯವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ ಆಗಿರುವುದರಿಂದ, ಹೇಳಿ ಹೇಳಿ ಬಾಯಿ ಸೋಲುವ ಬದಲು ಒಂದೆಡೆ ಬರೆದಿಟ್ಟಿದ್ದೇನೆ.

ನಲ್ಲಿಯ ಮೇಲೆ, ಬಕೆಟ್ಟಿನ ಅಂಚಿನಲ್ಲಿ ಕಟ್ಟುವ ಬಿಳಿ ಪದರ ನಿಜಕ್ಕೂ ಏನು?

ಸುಣ್ಣ. ಬಾಯಿಮಾತಿನಲ್ಲಿ ‘ಉಪ್ಪು ಕಟ್ಟಿದೆ’ ಎನ್ನುತ್ತೇವೆ. ಆದರೆ ಉಪ್ಪಾಗಿದ್ದರೆ ಒಂದು ಚೆಂಬು ನೀರಿಗೆ ಕರಗಿ ಹೋಗುತ್ತಿತ್ತು. ಇದು ಕ್ಯಾಲ್ಸಿಯಂ ಕಾರ್ಬೋನೇಟ್, ಜೊತೆಗೆ ತುಸು ಮೆಗ್ನೀಸಿಯಂ. ಮೊಟ್ಟೆಯ ಚಿಪ್ಪು, ಸುಣ್ಣಕಲ್ಲು, ಅಮೃತಶಿಲೆ ಎಲ್ಲವೂ ಮೂಲತಃ ಇದೇ ವಸ್ತು. ಮಳೆನೀರು ಮಣ್ಣಿನಲ್ಲಿ ಇಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿ ಬಂಡೆಯೊಳಗಿನ ಕ್ಯಾಲ್ಸಿಯಂ ಅನ್ನು ಕರಗಿಸಿ ಬೈಕಾರ್ಬೋನೇಟ್ ರೂಪದಲ್ಲಿ ಹೊತ್ತು ತರುತ್ತದೆ. ಇಂಥ ನೀರೇ ಗಡಸು ನೀರು. ನಾವು ನೀರು ಕಾಯಿಸಿದಾಗ ಅನಿಲ ಹಾರಿಹೋಗುತ್ತದೆ, ಕ್ಯಾಲ್ಸಿಯಂ ಮರಳಿ ಕಲ್ಲಾಗುತ್ತದೆ. ನಲ್ಲಿಯ ತುದಿಯಲ್ಲಿ ಹನಿ ಒಣಗಿದಾಗ ನಡೆಯುವುದೂ ಇದೇ.

ನನ್ನಜ್ಜಿಯ ಮನೆಯ ಬಚ್ಚಲೊಲೆಯ ಮೇಲೆ ಒಂದು ತಾಮ್ರದ ಹಂಡೆ ಇತ್ತು. ವರ್ಷಕ್ಕೊಮ್ಮೆ ಅದನ್ನು ಇಳಿಸಿ ಹೊರಗಿನಿಂದ ತಟ್ಟಿದರೆ ಒಳಗಿನಿಂದ ಬಿಲ್ಲೆ ಬಿಲ್ಲೆಯಾಗಿ ಸುಣ್ಣ ಕಳಚಿ ಬೀಳುತ್ತಿತ್ತು. ಒಂದು ಬಿಲ್ಲೆಯನ್ನು ಅಡ್ಡಲಾಗಿ ಮುರಿದು ನೋಡಿದರೆ ಮರದ ಕಾಂಡದಲ್ಲಿ ಕಾಣುವಂಥ ಗೆರೆಗಳು, ಬಿಳಿಯೊಂದು, ಕಂದೊಂದು. ಇಂದು ಗೀಸರಿನೊಳಗೆ ಬೆಳೆಯುವುದು ಅದೇ ಬಿಲ್ಲೆ. ವ್ಯತ್ಯಾಸವಿಷ್ಟೇ: ಹಂಡೆಯನ್ನು ಬಗ್ಗಿ ನೋಡಬಹುದಿತ್ತು, ಗೀಸರಿನೊಳಗೆ ಇಣುಕುವವರಿಲ್ಲ.

ಶಿವಮೊಗ್ಗದ ನಮ್ಮ ಮನೆಯಲ್ಲಿ ಇಂಥದ್ದೇನೂ ಇರಲಿಲ್ಲ. ಇಲ್ಲೇಕೆ ಹೀಗೆ?

ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆ ಹೆಚ್ಚು, ಮಣ್ಣಿನ ಕ್ಯಾಲ್ಸಿಯಂ ಯಾವತ್ತೋ ತೊಳೆದು ಹೋಗಿದೆ, ಬಾವಿಯ ನೀರೂ ಮೇಲ್ಮಟ್ಟದ್ದು. ಆದ್ದರಿಂದಲೇ ಅಲ್ಲಿಂದ ಬಂದವರಿಗೆ ಇಲ್ಲಿ ಸೋಪು ನೊರೆ ಬಾರದಿದ್ದಾಗ ಸೋಪಿನ ಮೇಲೆಯೇ ಅನುಮಾನ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಬೆಂಗಳೂರಿನ ಸುತ್ತ ನೂರಾರು ಅಡಿ ಆಳದ ಕೊಳವೆಬಾವಿಗಳಿವೆ. ಆ ನೀರು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತು ಖನಿಜಗಳನ್ನು ಕರಗಿಸಿಕೊಂಡಿರುತ್ತದೆ. ಕಲಬುರಗಿ, ಬಾಗಲಕೋಟೆಯ ಕಡೆಯ ಕಥೆಯೇ ಬೇರೆ. ಅಲ್ಲಿ ನೆಲದಡಿಯಲ್ಲಿರುವುದೇ ಸುಣ್ಣಕಲ್ಲು.

ಕಾವೇರಿ ನೀರು ನದಿಯದ್ದಾದ್ದರಿಂದ ಬೋರ್ ನೀರಿಗಿಂತ ಮೆದು. 2024ರ ಅಕ್ಟೋಬರಿನಲ್ಲಿ ಚಾಲನೆ ಪಡೆದ ಕಾವೇರಿ ಐದನೇ ಹಂತವು ಬೆಂಗಳೂರಿಗೆ ಸೇರಿದ 110 ಹಳ್ಳಿಗಳಿಗೆಂದೇ ರೂಪಿಸಿದ್ದು. ಆದರೆ ಸಂಪಿನಲ್ಲಿ ಕಾವೇರಿ, ಬೋರ್, ಟ್ಯಾಂಕರ್ ಮೂರೂ ಬೆರೆಯುವ ಮನೆಗಳಲ್ಲಿ ಯಾವ ದಿನ ಎಂಥ ನೀರು ಎಂದು ಹೇಳುವುದು ಕಷ್ಟ.

ನಮ್ಮ ನೀರು ಎಷ್ಟು ಗಡಸು ಎಂದು ತಿಳಿಯುವುದು ಹೇಗೆ?

ಮೊದಲು ಒಂದು ತಪ್ಪುಕಲ್ಪನೆ: ಟಿಡಿಎಸ್ ಮೀಟರ್ ಗಡಸುತನವನ್ನು ಅಳೆಯುವುದಿಲ್ಲ. ಅದು ಕರಗಿದ ಎಲ್ಲ ಲವಣಗಳ ಒಟ್ಟು ಅಂದಾಜು. ಟಿಡಿಎಸ್ 800 ಇದ್ದರೂ ಅದರಲ್ಲಿ ಸೋಡಿಯಂ ಪಾಲೇ ದೊಡ್ಡದಿದ್ದರೆ ಸುಣ್ಣ ಕಡಿಮೆ ಕಟ್ಟಬಹುದು.

ಖರ್ಚಿಲ್ಲದ ಪರೀಕ್ಷೆಗೆ ಎರಡು ಬಾಟಲಿ ಸಾಕು. ಒಂದರಲ್ಲಿ ನಲ್ಲಿಯ ನೀರು, ಇನ್ನೊಂದರಲ್ಲಿ ಶುದ್ಧವಾಗಿ ಹಿಡಿದ ಮಳೆನೀರು ಅಥವಾ ಆರ್‌ಒ ನೀರು, ಅರ್ಧರ್ಧ ತುಂಬಿ. ಸ್ನಾನದ ಸೋಪನ್ನು ಹೆರೆದು ಒಂದೊಂದು ಚಿಟಿಕೆ ಹಾಕಿ ಕುಲುಕಿ. ಮೆದು ನೀರಿನಲ್ಲಿ ನೊರೆ ನಿಲ್ಲುತ್ತದೆ. ಗಡಸು ನೀರು ಹಾಲಿನಂತೆ ಕದಡಿ, ಮೇಲೆ ಮೊಸರಿನ ಚೂರಿನಂಥ ಹೆಪ್ಪು ತೇಲುತ್ತದೆ. ಶ್ಯಾಂಪೂ, ಹ್ಯಾಂಡ್‌ವಾಷ್ ಬಳಸಬೇಡಿ; ಅವು ಬಹುತೇಕ ಡಿಟರ್ಜೆಂಟ್‌ಗಳು, ಗಡಸು ನೀರಿನಲ್ಲೂ ನೊರೆ ಕೊಟ್ಟು ದಾರಿ ತಪ್ಪಿಸುತ್ತವೆ.

ಅಂಕಿ ಬೇಕೆಂದರೆ ಪ್ರಯೋಗಾಲಯಕ್ಕೆ ಕೊಡಿ, ಅಥವಾ ಹನಿ ಎಣಿಸುವ ಕಿಟ್ ತನ್ನಿ. ವರದಿಯಲ್ಲಿ ‘ಒಟ್ಟು ಗಡಸುತನ’ ಎಂಬ ಸಾಲನ್ನು ನೋಡಿ. ಲೀಟರಿಗೆ 60 ಮಿಲಿಗ್ರಾಂವರೆಗೆ ಮೆದು, 180 ದಾಟಿದರೆ ಬಹಳ ಗಡಸು. ಕುಡಿಯುವ ನೀರಿನ ಭಾರತೀಯ ಮಾನಕ (ಐಎಸ್ 10500) 200ನ್ನು ಅಪೇಕ್ಷಿತ ಮಿತಿ ಎನ್ನುತ್ತದೆ. ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಒಪ್ಪುತ್ತದೆ.

ಕಟ್ಟಿದ ಸುಣ್ಣವನ್ನು ಕರಗಿಸಲು ಯಾವುದು ಒಳ್ಳೆಯದು: ವಿನೆಗರ್, ನಿಂಬೆ, ಹುಣಸೆ, ಸೋಡಾ?

ಸುಣ್ಣಕ್ಕೆ ಮದ್ದು ಹುಳಿ. ಯಾವ ಹುಳಿಯಾದರೂ ಆದೀತು. ಪ್ರಶ್ನೆ ಎಷ್ಟು ಬೇಕು, ಎಷ್ಟು ಹೊತ್ತು ಬಿಡಬೇಕು ಎಂಬುದು.

ನನ್ನ ಮತ ಸಿಟ್ರಿಕ್ ಆಮ್ಲಕ್ಕೆ. ದಿನಸಿ ಅಂಗಡಿಯಲ್ಲಿ ‘ನಿಂಬೆ ಉಪ್ಪು’ ಎಂದು ಕೇಳಿದರೆ ಸಕ್ಕರೆಯಂಥ ಹರಳು ಕೊಡುತ್ತಾರೆ. ಲೆಕ್ಕ ನೋಡಿ: 100 ಗ್ರಾಂ ಸುಣ್ಣ ಕರಗಿಸಲು ಸುಮಾರು 130 ಗ್ರಾಂ ನಿಂಬೆ ಉಪ್ಪು ಸಾಕು. ಅದೇ ಕೆಲಸವನ್ನು ಶೇ 5ರ ವಿನೆಗರ್ ಮಾಡಬೇಕಾದರೆ ಎರಡೂವರೆ ಲೀಟರ್ ಹತ್ತಿರ ಬೇಕು, ಜೊತೆಗೆ ಇಡೀ ಮನೆ ಉಪ್ಪಿನಕಾಯಿ ಭರಣಿಯಂತೆ ನಾರುತ್ತದೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಹರಳು ಹಾಕಿದರೆ ದಿನಬಳಕೆಗೆ ಸರಿಯಾದ ಹದ. ಕುದಿಯುವ ನೀರು ಬೇಡ. ಹೆಚ್ಚು ಬಿಸಿಯಲ್ಲಿ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಇನ್ನೊಂದು ಬಿಳಿ ಪುಡಿ ಕೂರುತ್ತದೆ, ಕಳ್ಳನನ್ನು ಓಡಿಸಿ ಅವನ ತಮ್ಮನನ್ನು ಒಳಗೆ ಕರೆದಂತೆ.

ಹುಣಸೆಹಣ್ಣು ತಾಮ್ರ, ಹಿತ್ತಾಳೆಯ ತೆಳು ಕರೆಗೆ ಸೊಗಸು. ದಪ್ಪ ಪದರಕ್ಕೆ ಸಾಲದು. ಹಿಂಡಿದ ನಿಂಬೆ ಹೋಳನ್ನು ಎಸೆಯದೆ ನಲ್ಲಿಗೆ ಉಜ್ಜಿದರೆ ಅಷ್ಟರಮಟ್ಟಿಗೆ ಲಾಭ. ಇನ್ನು ಅಡುಗೆ ಸೋಡಾ. ಸೋಡಾ ಹಾಕಿ ಅದರ ಮೇಲೆ ವಿನೆಗರ್ ಸುರಿದರೆ ಬುಸ್ಸೆಂದು ಉಕ್ಕುತ್ತದೆ, ನೋಡಲು ಚೆಂದ. ಆದರೆ ಅಲ್ಲಿ ಹುಳಿ ತನ್ನ ಬಲವನ್ನೆಲ್ಲ ಸೋಡಾದ ಮೇಲೆ ಖರ್ಚು ಮಾಡುತ್ತದೆ, ಸುಣ್ಣಕ್ಕೆ ಏನೂ ಉಳಿಯುವುದಿಲ್ಲ. ಮೊಬೈಲಿನಲ್ಲಿ ಹರಿದಾಡುವ ಆ ವಿಡಿಯೊಗಳನ್ನು ನಂಬಬೇಡಿ.

ಎಷ್ಟು ಉಜ್ಜಿದರೂ ಹೋಗುತ್ತಿಲ್ಲವಲ್ಲ?

ಉಜ್ಜುವುದೇ ತಪ್ಪು. ನೆನೆಸಬೇಕು. ಹುಳಿನೀರಿನಲ್ಲಿ ಅದ್ದಿದ ಬಟ್ಟೆ ಅಥವಾ ಟಿಶ್ಯೂ ಕಾಗದವನ್ನು ನಲ್ಲಿಗೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿ ಅರ್ಧ ಗಂಟೆ ಬಿಡಿ. ತೆಗೆದಾಗ ಪದರ ಮೆತ್ತಗಾಗಿರುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಸ್ಟೀಲ್ ಜುಂಗು ಹಾಕಿ ತಿಕ್ಕಿದರೆ ಕ್ರೋಮ್ ಮೇಲೆ ಗೀರು ಬೀಳುತ್ತದೆ, ಮುಂದಿನ ಸಲ ಸುಣ್ಣ ಆ ಗೀರಿನಲ್ಲೇ ಬೇರು ಬಿಡುತ್ತದೆ. ಚಿನ್ನದ ಬಣ್ಣದ, ಕಪ್ಪು ಬಣ್ಣದ ನಲ್ಲಿಗಳಿಗೆ ಐದು ನಿಮಿಷಕ್ಕಿಂತ ಹೆಚ್ಚು ಹುಳಿ ತಾಗಿಸಬೇಡಿ.

ಬಚ್ಚಲಿನ ಟೈಲ್ಸ್ ಮೇಲಿನ ಕರೆಗೆ ಹುಳಿ ಹಿಡಿಯದಿದ್ದರೆ, ಮೇಲೊಂದು ಜಿಡ್ಡಿನ ಪದರವಿದೆ ಎಂದರ್ಥ: ಸೋಪು ಮತ್ತು ಕ್ಯಾಲ್ಸಿಯಂ ಸೇರಿ ಆದ ಅಂಟು. ಮೊದಲು ಪಾತ್ರೆ ತೊಳೆಯುವ ದ್ರವದಿಂದ ಜಿಡ್ಡು ತೆಗೆದು, ತೊಳೆದು, ಆಮೇಲೆ ಹುಳಿ ಹಾಕಿ.

ಶವರ್ ಅಡ್ಡಾದಿಡ್ಡಿ ಚಿಮ್ಮುತ್ತಿದೆ, ನಲ್ಲಿಯ ನೀರು ಸಣ್ಣಗಾಗಿದೆ. ಪ್ಲಂಬರ್ ಕರೆಯಬೇಕೆ?

ಬೇಡ. ನಲ್ಲಿಯ ಮೂತಿಯಲ್ಲಿ ಜಾಲರಿಯ ಏರೇಟರ್ ಇರುತ್ತದೆ. 2024ರ ಬೇಸಿಗೆಯ ನೀರಿನ ಬರದಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆಲ್ಲ ಹಾಕಿಸಿದರಲ್ಲ, ಅದೇ. ಅದನ್ನು ತಿರುಗಿಸಿ ಬಿಚ್ಚಿ, ಲೋಟದ ಹುಳಿನೀರಿನಲ್ಲಿ ಒಂದು ಗಂಟೆ ಹಾಕಿಡಿ. ಗುಳ್ಳೆಗಳು ನಿಂತರೆ ಕೆಲಸ ಮುಗಿಯಿತು, ಅಥವಾ ಹುಳಿ ಮುಗಿಯಿತು. ಸಂಶಯವಿದ್ದರೆ ಹೊಸ ಹುಳಿನೀರು ಹಾಕಿ ನೋಡಿ. ಶವರ್ ಬಿಚ್ಚಲು ಬಾರದಿದ್ದರೆ ಹುಳಿನೀರು ತುಂಬಿದ ಚೀಲವನ್ನು ಅದರ ತಲೆಗೆ ರಬ್ಬರ್ ಬ್ಯಾಂಡ್‌ನಿಂದ ಕಟ್ಟಿಬಿಡಿ.

ಗೀಸರ್ ಗೊರಗೊರ ಸದ್ದು ಮಾಡುತ್ತದೆ, ನೀರು ಕಾಯಲು ಮೊದಲಿಗಿಂತ ಹೆಚ್ಚು ಹೊತ್ತು ಬೇಕು. ಕೆಟ್ಟಿದೆಯೇ?

ಕೆಟ್ಟಿಲ್ಲ, ಕಂಬಳಿ ಹೊದ್ದಿದೆ. ಕಾಯಿಲ್ ಸುತ್ತ ಸುಣ್ಣ ಕಟ್ಟಿದಾಗ ಬಿಸಿ ನೀರಿಗೆ ದಾಟುವುದು ತಡವಾಗುತ್ತದೆ. ಕಾಯಿಲ್ ಒಳಗೊಳಗೇ ಅತಿಯಾಗಿ ಕಾದು, ಪದರದಡಿ ಸಿಕ್ಕ ನೀರು ಕುದಿಯುವ ಸದ್ದು ಅದು. ಹಾಗೇ ಬಿಟ್ಟರೆ ಒಂದು ದಿನ ಕಾಯಿಲ್ ಸುಟ್ಟುಹೋಗುತ್ತದೆ.

ಎಷ್ಟು ಸುಣ್ಣ ಬರುತ್ತದೆಂದು ಲೆಕ್ಕ ಹಾಕಿದಾಗ ನನಗೇ ದಿಗಿಲಾಗಿತ್ತು. ಗಡಸುತನ 400 ಇರುವ ನೀರನ್ನು ದಿನಕ್ಕೆ 100 ಲೀಟರ್ ಕಾಯಿಸಿದರೆ ದಿನವೂ 40 ಗ್ರಾಂ, ವರ್ಷಕ್ಕೆ ಹದಿನಾಲ್ಕೂವರೆ ಕಿಲೋ ಸುಣ್ಣಕ್ಕೆ ಸಮನಾದ ಖನಿಜ ಗೀಸರನ್ನು ಹಾದುಹೋಗುತ್ತದೆ. ಇಪ್ಪತ್ತರಲ್ಲಿ ಒಂದು ಪಾಲು ಒಳಗುಳಿದರೂ ಮುಕ್ಕಾಲು ಕಿಲೋ.

ಮೊದಲ ಉಪಾಯ ತಾಪಮಾನ. 60 ಡಿಗ್ರಿ ದಾಟಿದಂತೆ ಸುಣ್ಣ ಕೂರುವ ವೇಗ ಹೆಚ್ಚುತ್ತದೆ. ಕುದಿಕುದಿ ನೀರು ಕಾಯಿಸಿ ಅದಕ್ಕೆ ಎರಡರಷ್ಟು ತಣ್ಣೀರು ಬೆರೆಸುವುದು ನಮ್ಮ ಅಭ್ಯಾಸ. ಅದರ ಬದಲು ಗುಂಡಿಯನ್ನು 50–55ಕ್ಕೆ ಇಳಿಸಿ. ಅದಕ್ಕಿಂತ ಕೆಳಗೆ ಬೇಡ, ನಿಂತ ಬೆಚ್ಚನೆಯ ನೀರಿನಲ್ಲಿ ರೋಗಾಣು ಬೆಳೆಯಬಹುದು. ವಾರಕ್ಕೊಮ್ಮೆ 60ಕ್ಕೆ ಕಾಯಿಸಿ. ಬೆಳಗಿನಿಂದ ರಾತ್ರಿವರೆಗೆ ಸ್ವಿಚ್ ಹಾಕಿಡುವ ಮನೆಗಳಲ್ಲಿ ಗೀಸರ್ ಬೇಗ ಸಾಯುತ್ತದೆ.

ಎರಡನೆಯದು ವರ್ಷಕ್ಕೊಮ್ಮೆ, ಬಹಳ ಗಡಸು ನೀರಿದ್ದರೆ ಎರಡು ಬಾರಿ, ಸರ್ವಿಸ್. ಮೆಕ್ಯಾನಿಕ್ ಬಂದಾಗ ಪಕ್ಕದಲ್ಲೇ ನಿಂತು ಮೂರು ವಸ್ತುಗಳನ್ನು ನೋಡಿ: ಕಾಯಿಲ್, ಮೆಗ್ನೀಸಿಯಂ ಆನೋಡ್ ಸರಳು, ಒತ್ತಡ ಹೊರಬಿಡುವ ಸೇಫ್ಟಿ ವಾಲ್ವ್. ಟ್ಯಾಂಕಿನ ಬದಲು ತಾನು ಸವೆದುಹೋಗುವುದು ಆನೋಡ್‌ನ ಕೆಲಸ. ಅದು ತಂತಿಯಷ್ಟು ಸಣ್ಣಗಾಗಿದ್ದರೆ ಬದಲಿಸಿ. ವಾಲ್ವ್‌ನಲ್ಲಿ ಸುಣ್ಣ ಕಟ್ಟಿ ಬಿಗಿದುಕೊಂಡಿದ್ದರೆ ಅದು ಕರೆಯ ವಿಷಯವಲ್ಲ, ಜೀವದ ವಿಷಯ. ಅದೇ ದಿನ ಹೊಸದು ಹಾಕಿಸಿ. ವಿದ್ಯುತ್ ಗೀಸರನ್ನು ನೀವೇ ಬಿಚ್ಚಬೇಡಿ. ಬಕೆಟ್ಟಿಗೆ ಇಳಿಬಿಡುವ ರಾಡನ್ನಾದರೆ ಪ್ಲಗ್ ತೆಗೆದು, ಸುರುಳಿಯಷ್ಟನ್ನೇ ನಿಂಬೆ ಉಪ್ಪಿನ ನೀರಿನಲ್ಲಿ ನೆನೆಸಿ ನೀವೇ ತೊಳೆಯಬಹುದು.

ಅಂಗಡಿಯಲ್ಲಿ ಸಿಗುವ ಆಸಿಡ್ ಹಾಕಿದರೆ ಒಂದೇ ನಿಮಿಷದಲ್ಲಿ ಹೋಗುತ್ತದಲ್ಲ?

ಹೋಗುತ್ತದೆ. ಅದರ ಜೊತೆ ಇನ್ನೂ ಏನೇನು ಹೋಗುತ್ತದೆ ಎಂಬುದೇ ಪ್ರಶ್ನೆ. ನಮ್ಮ ಹಳೆಯ ಬಾಡಿಗೆ ಮನೆಯಲ್ಲಿ ಮೊಸಾಯಿಕ್ ನೆಲವಿತ್ತು. ಹಬ್ಬಕ್ಕೆ ಮುಂಚೆ ಬಚ್ಚಲು ಬೆಳ್ಳಗಾಗಲಿ ಎಂದು ಯಾರದೋ ಮಾತು ಕೇಳಿ ಒಂದು ಬಾಟಲಿ ಆಸಿಡ್ ಸುರಿದೆ. ನೆಲ ಉಕ್ಕಿತು, ಹೊಗೆ ಎದ್ದಿತು, ಕೆಮ್ಮುತ್ತಾ ಹೊರಗೋಡಿದೆ. ತೊಳೆದು ನೋಡಿದರೆ ಬಿಳಿ ಕರೆ ಹೋಗಿತ್ತು, ನೆಲದ ಹೊಳಪೂ ಹೋಗಿತ್ತು. ಅಂಗೈ ಸವರಿದರೆ ಉಪ್ಪುಕಾಗದದಂತೆ ತರಿತರಿ. ಆ ತರಿಯಲ್ಲಿ ಮರುತಿಂಗಳು ಮೊದಲಿಗಿಂತ ಹೆಚ್ಚು ಕೊಳೆ ಕೂತಿತು. ಮನೆ ಬಿಡುವಾಗ ಮುಂಗಡದಲ್ಲಿ ಅದರ ಹಣ ಮುರಿದುಕೊಂಡರು, ಅವರ ತಪ್ಪೇನೂ ಇರಲಿಲ್ಲ.

ಕಾರಣ ಸರಳ. ಸುಣ್ಣವನ್ನು ತಿನ್ನುವ ಆಮ್ಲ ಸುಣ್ಣದ ಕಲ್ಲನ್ನೂ ತಿನ್ನುತ್ತದೆ. ಅಮೃತಶಿಲೆ, ಮೊಸಾಯಿಕ್, ಕಡಪ ಕಲ್ಲು, ಕೋಟಾ ಕಲ್ಲು, ಉತ್ತರ ಕರ್ನಾಟಕದ ಮನೆಮನೆಯಲ್ಲಿರುವ ಶಹಾಬಾದ್ ಕಲ್ಲು, ಎಲ್ಲವೂ ಕ್ಯಾಲ್ಸಿಯಂ ಕಾರ್ಬೋನೇಟ್ ಇರುವಂಥವೇ. ಇವುಗಳ ಮೇಲೆ ನಿಂಬೆರಸ, ವಿನೆಗರ್ ಕೂಡ ಬೇಡ. ಸೋಪಿನ ನೀರು, ಒಣ ಬಟ್ಟೆ, ಅಷ್ಟೇ. ಹೈಡ್ರೋಕ್ಲೋರಿಕ್ ಆಮ್ಲದ ಆವಿಗೆ ಪಕ್ಕದಲ್ಲಿರುವ ಸ್ಟೀಲ್ ನಲ್ಲಿಯೂ ತುಕ್ಕು ಹಿಡಿಯುತ್ತದೆ.

ಇದೊಂದನ್ನು ಗೋಡೆಯ ಮೇಲೆ ಬರೆದಿಡಿ: ಆಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಜೊತೆ ಬ್ಲೀಚಿಂಗ್ ಪೌಡರನ್ನಾಗಲೀ ದ್ರವ ಬ್ಲೀಚನ್ನಾಗಲೀ ಎಂದೂ ಬೆರೆಸಬಾರದು. ಹೊರಬರುವುದು ಕ್ಲೋರಿನ್ ಅನಿಲ. ಮುಚ್ಚಿದ ಬಚ್ಚಲಿನಲ್ಲಿ ಅದು ಶ್ವಾಸಕೋಶವನ್ನು ಸುಡುತ್ತದೆ. ಮನೆಗೆಲಸಕ್ಕೆ ಬರುವವರಿಗೂ ಇದನ್ನು ಬಿಡಿಸಿ ಹೇಳಿ, ಬಾಟಲಿಗಳನ್ನು ಬೇರೆ ಬೇರೆ ಇಡಿ.

ಕಮೋಡಿನ ನೀರಿನ ಗೆರೆ?

ರಾತ್ರಿ ಮಲಗುವ ಮುನ್ನ ಚೊಂಬಿನಿಂದ ನೀರನ್ನು ತಳ್ಳಿ ಮಟ್ಟ ಇಳಿಸಿ, ನಾಲ್ಕು ಚಮಚ ನಿಂಬೆ ಉಪ್ಪನ್ನು ಗೆರೆಯ ಸುತ್ತ ಉದುರಿಸಿ. ಬೆಳಗ್ಗೆ ಬ್ರಷ್.

ಸೋಲಾರ್ ಹೀಟರಿಗೂ ಈ ಕಾಟ ಇದೆಯೇ?

ಇದೆ. ತಾಮ್ರದ ಸಣ್ಣ ಕೊಳವೆಗಳ ಹಲಗೆ ಮಾದರಿಯಲ್ಲಿ ಕೊಳವೆಯೇ ಮುಚ್ಚಿಹೋಗುತ್ತದೆ. ಗಾಜಿನ ಟ್ಯೂಬಿನ ಮಾದರಿಯಲ್ಲಿ ಟ್ಯೂಬಿನ ತಳದಲ್ಲಿ ಸುಣ್ಣ ಕೂರುತ್ತದೆ, ಆದರೆ ಟ್ಯೂಬ್ ಬಿಚ್ಚಿ ತೊಳೆಯಬಹುದು. ಹೊಸದಾಗಿ ಕೊಳ್ಳುವವರು ಹಲಗೆ ಮಾದರಿಯೇ ಬೇಕೆಂದರೆ ಹೀಟ್ ಎಕ್ಸ್‌ಚೇಂಜರ್ ಇರುವುದನ್ನು ಕೇಳಿ. ಅದರಲ್ಲಿ ಹಲಗೆಯೊಳಗೆ ಸುತ್ತುವ ನೀರು ಬೇರೆ, ನಾವು ಬಳಸುವ ನೀರು ಬೇರೆ.

ವಾಷಿಂಗ್ ಮಷೀನು, ಡಿಶ್‌ವಾಷರ್?

ಮಷೀನಿನೊಳಗೆ ಬಟ್ಟೆ ಹಾಕದೆ 100 ಗ್ರಾಂ ನಿಂಬೆ ಉಪ್ಪು ಹಾಕಿ ಬಿಸಿನೀರಿನ ಸುತ್ತು ಓಡಿಸಿ, ನಂತರ ಬರೀ ನೀರಿನಲ್ಲಿ ಇನ್ನೊಂದು ಸುತ್ತು. ಎರಡು ಮೂರು ತಿಂಗಳಿಗೊಮ್ಮೆ ಸಾಕು; ನಿಮ್ಮ ಮಷೀನಿನ ಕೈಪಿಡಿ ಇದನ್ನು ಬೇಡವೆಂದರೆ ಕೈಪಿಡಿಯ ಮಾತೇ ಮೇಲು. ಡಿಶ್‌ವಾಷರಿನಲ್ಲಿ ನೀರನ್ನು ಮೆದುಗೊಳಿಸುವ ಭಾಗ ಒಳಗೇ ಇರುತ್ತದೆ. ಅದಕ್ಕೆ ಡಿಶ್‌ವಾಷರ್ ಉಪ್ಪನ್ನೇ ಹಾಕಬೇಕು; ಅಡುಗೆಯ ಪುಡಿ ಉಪ್ಪಿನಲ್ಲಿ ಗಂಟು ಕಟ್ಟದಿರಲು ಬೆರೆಸಿದ ವಸ್ತುಗಳು ಆ ಭಾಗವನ್ನು ಮುಚ್ಚಿಸಿಬಿಡುತ್ತವೆ.

ಬೋರ್ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎನ್ನುತ್ತಾರೆ. ನಿಜವೇ?

ನಿಜ. ಕಾಳಿನ ಸಿಪ್ಪೆ ಮತ್ತು ಜೀವಕೋಶಗಳ ನಡುವಿನ ಪೆಕ್ಟಿನ್ ಜೊತೆ ಕ್ಯಾಲ್ಸಿಯಂ ಸೇರಿ ಗಟ್ಟಿಯಾಗುತ್ತದೆ. ಹಳ್ಳಿಗಳಲ್ಲಿ ‘ಬೇಳೆ ಬೇಯುವ ನೀರು’ ಎಂದರೆ ಸಿಹಿನೀರಿನ ಬಾವಿ. ಪ್ರಯೋಗಾಲಯಕ್ಕಿಂತ ಹಳೆಯ ಪರೀಕ್ಷೆ ಅದು. ಬೇಳೆಗಷ್ಟು ಕಾವೇರಿ ನೀರನ್ನೋ ಕುದಿಸಿ ತಿಳಿಯಾದ ನೀರನ್ನೋ ಬಳಸಿ. ಚಿಟಿಕೆ ಸೋಡಾ ಕೂಡ ಕೆಲಸ ಮಾಡುತ್ತದೆ. ಹುಣಸೆರಸ, ಟೊಮೆಟೊ ಮಾತ್ರ ಬೇಳೆ ಬೆಂದ ಮೇಲೆ.

ಇಡ್ಲಿ ಪಾತ್ರೆಯ ತಳಕ್ಕೆ, ಕುಕ್ಕರಿನ ನೀರಿಗೆ ನಿಂಬೆ ಸಿಪ್ಪೆಯನ್ನೋ ಹುಣಸೆಯ ಸಣ್ಣ ಉಂಡೆಯನ್ನೋ ಹಾಕುವ ಅಮ್ಮಂದಿರ ಪದ್ಧತಿ ಇದೇ ರಸಾಯನಶಾಸ್ತ್ರ. ಆ ಸಿಪ್ಪೆ ಪ್ರತಿದಿನದ ತೆಳು ಸುಣ್ಣವನ್ನು ಅಂದಂದೇ ತೆಗೆಯುತ್ತದೆ. ವಿದ್ಯುತ್ ಕೆಟಲ್‌ಗೆ ಅರ್ಧ ಲೀಟರ್ ನೀರು, ಒಂದು ಚಮಚ ನಿಂಬೆ ಉಪ್ಪು, ಬೆಚ್ಚಗೆ ಮಾಡಿ ಅರ್ಧ ಗಂಟೆ. ಆಮೇಲೆ ಎರಡು ಸಲ ತೊಳೆಯಿರಿ, ಇಲ್ಲದಿದ್ದರೆ ಬೆಳಗಿನ ಚಹಾದ ಹಾಲು ಒಡೆಯುತ್ತದೆ.

ವಾಟರ್ ಸಾಫ್ಟ್‌ನರ್ ಹಾಕಿಸುವುದು ಲಾಭವೇ?

ಗಡಸುತನ 300ಕ್ಕಿಂತ ಮೇಲಿದ್ದು, ಸ್ವಂತ ಮನೆಯಾಗಿದ್ದರೆ ನಾನು ಹಾಕಿಸಿ ಎನ್ನುತ್ತೇನೆ. ಅದರೊಳಗಿನ ರೆಸಿನ್ ಮಣಿಗಳು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ. ಮಣಿಗಳು ತುಂಬಿದಾಗ ಉಪ್ಪುನೀರು ಹಾಯಿಸಿ ತೊಳೆಯಬೇಕು. ಮಾರುವವರು ಹೇಳದ ಮಾತುಗಳು ಎರಡು. ಒಂದು, ತೊಳೆದ ಉಪ್ಪುನೀರು ಎಲ್ಲಿಗೆ ಹೋಗಬೇಕೆಂದು ಮೊದಲೇ ಯೋಚಿಸಿ. ತೆಂಗಿನ ಬುಡಕ್ಕೂ ಕೈತೋಟಕ್ಕೂ ಬಿಡುವಂತಿಲ್ಲ. ಇನ್ನೊಂದು, 400ರ ಗಡಸುತನ ಪೂರ್ತಿ ತೆಗೆದರೆ ಲೀಟರಿಗೆ ಸುಮಾರು 184 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ರಕ್ತದೊತ್ತಡ ಇರುವವರ ಮನೆಯಲ್ಲಿ ಅಡುಗೆಮನೆಯ ಕುಡಿಯುವ ನೀರಿನ ಕೊಳವೆಯನ್ನು ಇದರಿಂದ ಹೊರಗಿಡಿ. ಗಿಡಕ್ಕೂ ಸಾಫ್ಟ್‌ನರ್ ನೀರು ಬೇಡ.

ಬಾಡಿಗೆ ಮನೆಯವರಿಗೆ ಇದು ದುಬಾರಿ. ಅವರಿಗೆ ಮಳೆನೀರಿನ ಡ್ರಮ್ಮು, ನಿಂಬೆ ಉಪ್ಪಿನ ಡಬ್ಬಿ, ಸ್ನಾನದ ನಂತರ ಒಮ್ಮೆ ಎಳೆಯುವ ವೈಪರ್ ಸಾಕು. ಹನಿ ಒಣಗಲು ಬಿಡದಿದ್ದರೆ ಕರೆ ಹುಟ್ಟುವುದೇ ಇಲ್ಲ.

ಪೈಪಿಗೆ ಕಟ್ಟುವ ಅಯಸ್ಕಾಂತ, ಶವರಿಗೆ ಹಾಕುವ ಫಿಲ್ಟರ್?

ಅಯಸ್ಕಾಂತದ ಬಗ್ಗೆ ನಂಬುವಂಥ ಪುರಾವೆ ಇಲ್ಲ. ನಾನು ಹಣ ಕೊಟ್ಟು ಕಟ್ಟಿಸಿದೆ, ಸುಣ್ಣ ಅದರ ಪಕ್ಕದಲ್ಲೇ ಸುಖವಾಗಿ ಬೆಳೆಯಿತು. ಶವರ್ ಫಿಲ್ಟರ್ ಮಣ್ಣು, ಕ್ಲೋರಿನ್ ತೆಗೆಯಬಹುದು. ಅಂಗೈಯಗಲದ ಡಬ್ಬಿ ನೂರಾರು ಲೀಟರ್ ನೀರಿನ ಗಡಸುತನವನ್ನು ತೆಗೆಯಲಾರದು. ಪಾಲಿಫಾಸ್ಫೇಟ್ ಹರಳಿನ ಕಾರ್ಟ್ರಿಡ್ಜ್ ಸುಣ್ಣ ಅಂಟುವುದನ್ನು ಸ್ವಲ್ಪ ತಡೆಯುತ್ತದೆ. ವಾಷಿಂಗ್ ಮಷೀನಿಗೆ ಸರಿ, ಕುಡಿಯುವ ನೀರಿಗಲ್ಲ.

ಈ ನೀರು ಕುಡಿದರೆ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆಯೇ?

ಪಾತ್ರೆಯಲ್ಲಿ ಕಲ್ಲು ಕಟ್ಟುವುದನ್ನು ಕಂಡವರಿಗೆ ಹಾಗನ್ನಿಸುವುದು ಸಹಜ, ಆದರೆ ಅದು ಸಾಬೀತಾದ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ಆಧಾರದ ಮಿತಿಯನ್ನೇ ಹಾಕಿಲ್ಲ. ಈಗಾಗಲೇ ಕಲ್ಲಿನ ತೊಂದರೆ ಇದ್ದವರು ವೈದ್ಯರನ್ನು ಕೇಳಿ. ಕುದಿಸಿದ ನೀರಿನ ತಳದಲ್ಲಿ ಕಾಣುವ ಬಿಳಿ ಚೂರುಗಳೂ ನಿರಪಾಯ, ಬಟ್ಟೆಯಲ್ಲಿ ಸೋಸಿದರಾಯಿತು.

ಚಿಂತೆ ಮಾಡಬೇಕಾದ್ದು ಫ್ಲೋರೈಡ್ ಬಗ್ಗೆ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಕೊಳವೆಬಾವಿಗಳಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ಕರೆ ಕಟ್ಟುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ, ಸಾಫ್ಟ್‌ನರೂ ತೆಗೆಯುವುದಿಲ್ಲ. ಆರ್‌ಒ ತೆಗೆಯುತ್ತದೆ. ನೀರಿನ ಪರೀಕ್ಷೆಗೆ ಕೊಡುವಾಗ ಗಡಸುತನದ ಜೊತೆ ಇದನ್ನೂ ಬರೆಸಿ.

ಕೂದಲು ಉದುರುವುದು ನೀರಿನಿಂದಲೇ?

ಬುಡದಿಂದ ಉದುರಿಸುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಒರಟಾಗುವುದು, ಸಿಕ್ಕಾಗುವುದು ನಿಜ. ಸೀಗೆಕಾಯಿ, ಅಂಟುವಾಳದ ನೊರೆಗೆ ಕಾರಣವಾದ ಸಪೋನಿನ್‌ಗಳು ಸೋಪಿನಂತೆ ಕ್ಯಾಲ್ಸಿಯಂ ಜೊತೆ ಹೆಪ್ಪುಗಟ್ಟುವುದಿಲ್ಲ. ಬೋರ್ ನೀರಿಗೆ ಒಗ್ಗುವ ತಲೆಸ್ನಾನ ಅದು. ಕೊನೆಯ ತಂಬಿಗೆಗೆ ಒಂದು ಚಮಚ ನಿಂಬೆರಸ ಬೆರೆಸಿದರೂ ಕೂದಲು ನುಣುಪಾಗುತ್ತದೆ.

ಗಾಜಿನ ಮೇಲಿನ ಮಬ್ಬು ಯಾವುದಕ್ಕೂ ಹೋಗುತ್ತಿಲ್ಲ.

ಒಂದು ಹನಿ ಹುಳಿನೀರು ಹಾಕಿ ಕಣ್ಣು ಹತ್ತಿರ ತಂದು ನೋಡಿ. ಸಣ್ಣ ಗುಳ್ಳೆ ಎದ್ದರೆ ಸುಣ್ಣ, ತಾಳ್ಮೆಯಿಂದ ನೆನೆಸಿ. ಏನೂ ಏಳದಿದ್ದರೆ ಅದು ಸಿಲಿಕಾದ ಕರೆ ಅಥವಾ ಗಾಜೇ ಸವೆದಿದೆ. ಪಾಲಿಶ್ ಮಾಡುವವರನ್ನು ಕರೆಯಬೇಕು, ಇಲ್ಲವೇ ಹಾಗೇ ಒಪ್ಪಿಕೊಳ್ಳಬೇಕು. ನಮ್ಮ ಮನೆಯಲ್ಲಿ ಒಪ್ಪಿಕೊಂಡಿದ್ದೇವೆ.

ಇನ್ವರ್ಟರ್ ಬ್ಯಾಟರಿಗೆ ಕುದಿಸಿ ಸೋಸಿದ ನೀರು ಹಾಕಬಹುದೇ?

ಖಂಡಿತ ಬೇಡ. ಕುದಿಸಿದರೆ ಹೋಗುವುದು ಬೈಕಾರ್ಬೋನೇಟ್‌ನ ಪಾಲು ಮಾತ್ರ. ಕ್ಲೋರೈಡ್, ಸಲ್ಫೇಟ್ ಹಾಗೇ ಉಳಿಯುತ್ತವೆ. ಡಿಸ್ಟಿಲ್ಡ್ ವಾಟರ್ ಕೊಂಡು ತನ್ನಿ. ಹಬೆಯ ಇಸ್ತ್ರಿಪೆಟ್ಟಿಗೆಗೆ ಆರ್‌ಒ ನೀರು ನಡೆಯುತ್ತದೆ.